ಬೀಜ ಕಟ್ಟದ ಗಿಡಗಳ ಲೆಕ್ಕ

ಕಳೆದ ಬೇಸಿಗೆಯಲ್ಲಿ ಉಡುಪಿ ಹತ್ತಿರದ ಒಂದು ಬೀಜ ಮೇಳಕ್ಕೆ ಹೋಗಿದ್ದೆ. ಉದ್ದದ ಮೇಜುಗಳು, ಅವುಗಳ ಮೇಲೆ ಸಾಲಾಗಿ ಸಣ್ಣ ಸಣ್ಣ ಪೊಟ್ಟಣಗಳು. ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ, ಕಜೆ ಭತ್ತ, ಮಟ್ಟುಗುಳ್ಳ. ಒಂದೊಂದು ಪೊಟ್ಟಣಕ್ಕೂ ಒಂದು ಚೀಟಿ. ಕೊಡುವವರು ಹೆಸರು ಬರೆಸಬೇಕು, ಕೊಂಡುಹೋಗುವವರೂ ಬರೆಸಬೇಕು. ಅಚ್ಚುಕಟ್ಟಾಗಿ ನಡೆಸಿದ್ದರು. ಬಿಸಿಲು ಏರುವ ಹೊತ್ತಿಗೆ ಕಾಪು ಕಡೆಯ ಒಬ್ಬರು ಅಜ್ಜಿ ಆಟೋದಿಂದ ಇಳಿದರು. ಜೊತೆಗೆ ಒಂದು ಗೋಣಿ ಚೀಲ. ಅದರೊಳಗೆ ಮಣ್ಣು ಮೆತ್ತಿದ ಬಾಳೆ ಕಂದುಗಳು, ಒಂದಷ್ಟು ಅರಶಿನದ ಕೊಂಬು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆಸುವಿನ ಗೆಡ್ಡೆ. ಹೆಸರು ಬರೆದುಕೊಳ್ಳುವ ಹುಡುಗ ಚೀಲದೊಳಗೆ ಇಣುಕಿ, "ಬೀಜ ಯಾವುದು ಅಜ್ಜಿ?" ಅಂತ ಕೇಳಿದ. "ಇದಕ್ಕೆಲ್ಲ ಬೀಜ ಎಲ್ಲುಂಟು ಮಗಾ? ಹೀಗೇ ಕೊಡುವುದು" ಅಂದರು ಅವರು.

ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ಅವನ ಕೈಯಲ್ಲಿದ್ದ ಫಾರಂನಲ್ಲಿ ಬೀಜದ ತೂಕ ಬರೆಯಲು ಮಾತ್ರ ಜಾಗ ಇತ್ತು. ಕೊನೆಗೆ ಚೀಲವನ್ನು ಕಡೇ ಮೇಜಿನ ಅಡಿಗೆ ಇಟ್ಟರು. ಅಜ್ಜಿ ಒಂದು ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ನಾನೂ ಹೋಗಿ ಕೂತೆ. ಒಂದು ಕಂದನ್ನು ಎತ್ತಿ ತೋರಿಸಿ ಹೆಸರೆಂತ ಅಂತ ಕೇಳಿದೆ. "ನಾವು ಮನೆಬಾಳೆ ಅಂತಲೇ ಹೇಳುವುದು. ನನ್ನ ಅತ್ತೆ ತಂದದ್ದು. ಅವರಿಗೆ ಅವರ ತಾಯಿಮನೆಯಿಂದ ಬಂದದ್ದು." ಕಂದಿನ ಬುಡ ಗುಂಡಗೆ ಗಟ್ಟಿಯಾಗಿತ್ತು. ಬೇರುಗಳನ್ನೆಲ್ಲ ಕತ್ತಿಯಿಂದ ಸವರಿದ್ದರು. ಕತ್ತರಿಸಿದ ಜಾಗದಲ್ಲಿ ಸೊನೆ ಒಣಗಿ ಕಂದು ಕಲೆಯಾಗಿತ್ತು. ಪಕ್ಕದಲ್ಲಿ ಉಗುರಿನಷ್ಟು ಸಣ್ಣದೊಂದು ಮೊಳಕೆ ಬಿಳಿಯಾಗಿ ಮೂಡಿತ್ತು.

ಮನೆಗೆ ಬಂದ ಮೇಲೂ ಆ ಚೀಲ ತಲೆಯಿಂದ ಹೋಗಲಿಲ್ಲ. ಅಜ್ಜಿಯ ಅತ್ತೆಯ ತಾಯಿಮನೆ ಅಂದರೆ ನೂರು ವರ್ಷಕ್ಕಿಂತ ಈಚಿನ ಮಾತಂತೂ ಅಲ್ಲ. ಅಲ್ಲಿಂದ ಇಲ್ಲಿವರೆಗೆ ಆ ಬಾಳೆ ಒಮ್ಮೆಯೂ ಬೀಜವಾಗಿ ಹೊಸದಾಗಿ ಹುಟ್ಟಿಲ್ಲ. ಒಂದು ಬುಡದಿಂದ ಇನ್ನೊಂದು ಬುಡ, ಒಂದು ಹಿತ್ತಲಿನಿಂದ ಇನ್ನೊಂದು ಹಿತ್ತಲು. ನೂರು ವರ್ಷದ ಹಿಂದೆ ಅಲ್ಲಿದ್ದ ಗಿಡವೇ ಇವತ್ತು ಮೇಜಿನ ಅಡಿಯ ಗೋಣಿಯೊಳಗೆ ಕೂತಿದೆ. ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಅದರ ಜೀವಕೋಶದೊಳಗೆ ಉಂಟು. ಅದು ಕ್ರೋಮೋಸೋಮ್‌ಗಳ, ಅಂದರೆ ಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳ, ಲೆಕ್ಕ. ನಾನು ಸಸ್ಯಶಾಸ್ತ್ರ ಓದಿದವಳು, ಈ ಲೆಕ್ಕವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು. ಆದರೆ ಆ ಲೆಕ್ಕಕ್ಕೂ ಅತ್ತೆಯಿಂದ ಸೊಸೆಗೆ ಬಂದ ಕಂದಿಗೂ ಎಷ್ಟು ನೇರ ಸಂಬಂಧ ಉಂಟು ಅಂತ ಅವತ್ತಿನಿಂದ ಈಚೆಗೆ ಯೋಚಿಸುತ್ತಲೇ ಇದ್ದೇನೆ.

ಮೂರು ಪ್ರತಿ

ಬಾಳೆಯ ಮೂಲ ಸಂಖ್ಯೆ, ಅಂದರೆ ಒಂದು ಪ್ರತಿಯಲ್ಲಿರುವ ಕ್ರೋಮೋಸೋಮ್ ಲೆಕ್ಕ, 11. ಕಾಡಿನಲ್ಲಿ ಬೀಜದಿಂದ ಹುಟ್ಟುವ ಬಾಳೆಗೆ 22 ಕ್ರೋಮೋಸೋಮ್. ತಾಯಿಯ ಕಡೆಯಿಂದ 11, ತಂದೆಯ ಕಡೆಯಿಂದ 11. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ 33. ಅಂದರೆ ಇಡೀ ಜೀನೋಮ್‌ನ, ಆ 11ರ ಪೂರ್ತಿ ಗಂಟಿನ, ಮೂರು ಪ್ರತಿ. ಎಲೆ ಬಿಡಲು, ಕಾಂಡ ದಪ್ಪವಾಗಲು, ಗೊನೆ ಹಾಕಲು ಮೂರು ಪ್ರತಿ ಇದ್ದರೆ ತೊಂದರೆ ಏನಿಲ್ಲ. ಒಂದು ಕೋಶ ಎರಡಾಗುವಾಗ ಎಲ್ಲವೂ ಹಾಗೇ ನಕಲಾಗಿ ಎರಡೂ ಕಡೆ ಹೋಗುತ್ತವೆ. ತೊಂದರೆ ಶುರುವಾಗುವುದು ಹೂವಿನಲ್ಲಿ. ಪರಾಗ, ಅಂಡ ತಯಾರಾಗುವಾಗ ಸಂಖ್ಯೆ ಅರ್ಧವಾಗಬೇಕು. ಅದಕ್ಕೆ ಮೊದಲು ಒಂದೇ ಬಗೆಯ ಕ್ರೋಮೋಸೋಮ್‌ಗಳು ಜೋಡಿ ಕಟ್ಟಬೇಕು, ಆಮೇಲೆ ಬೇರೆಯಾಗಿ ಒಂದು ಆಚೆ, ಒಂದು ಈಚೆ ಹೋಗಬೇಕು. ಕಂಬಳದ ನೊಗ ನೆನಪಿಸಿಕೊಳ್ಳಿ. ಅದಕ್ಕೆ ಕಟ್ಟುವುದು ಎರಡೇ ಕೋಣ. ಮೂರನೆಯದು ಎಷ್ಟೇ ಒಳ್ಳೆಯ ಕೋಣವಾದರೂ ಓಟದ ಕರೆಯ ಹೊರಗೇ ನಿಲ್ಲಬೇಕು. ಬಾಳೆಯ ಹೂವಿನಲ್ಲಿ 11 ಬಗೆಯ ಕ್ರೋಮೋಸೋಮ್‌ಗಳಿಗೂ ಇದೇ ಗತಿ. ಹೊರಗುಳಿದ ಮೂರನೆಯದು ಕೆಲವೊಮ್ಮೆ ಆ ಕಡೆ, ಕೆಲವೊಮ್ಮೆ ಈ ಕಡೆ, ಕೆಲವೊಮ್ಮೆ ಎಲ್ಲೂ ಸೇರದೆ ನಾಶ. ಕೊನೆಗೆ ಒಂದು ಪರಾಗಕ್ಕೆ ಕೆಲವು ಕ್ರೋಮೋಸೋಮ್ ಒಂದೊಂದು, ಕೆಲವು ಎರಡೆರಡು ಸಿಗುತ್ತವೆ. ಹೀಗೆ ಎಡವಟ್ಟಾದ ಗಂಟಿನಿಂದ ಬೀಜ ಕಟ್ಟುವುದಿಲ್ಲ. ಬಾಳೆಹಣ್ಣನ್ನು ಅಡ್ಡ ಕೊಯ್ದರೆ ನಡುವೆ ಕಾಣುವ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು ಉಂಟಲ್ಲ, ಅವು ಬೀಜವಾಗಲು ಹೊರಟು ನಿಂತುಹೋದವು.

ಮೂರು ಪ್ರತಿ ಬಂದದ್ದು ಹೇಗೆ? ಅಪರೂಪಕ್ಕೆ ಒಂದು ಅಂಡವೋ ಪರಾಗವೋ ಅರ್ಧವಾಗದೆ ಪೂರ್ತಿ 22 ಅನ್ನು ಇಟ್ಟುಕೊಂಡೇ ತಯಾರಾಗುತ್ತದೆ. ಅದಕ್ಕೆ ಇನ್ನೊಂದು ಕಡೆಯಿಂದ ಮಾಮೂಲಿ 11 ಸೇರಿದರೆ 33. ಇಂಥ ಗಿಡ ದಪ್ಪ, ಹಣ್ಣು ದೊಡ್ಡದು, ತಿರುಳು ಜಾಸ್ತಿ. ಯಾರೋ ತಿಂದು ನೋಡಿದರು, ಬುಡದ ಕಂದು ಕಿತ್ತು ಮನೆ ಹತ್ತಿರ ನೆಟ್ಟರು. ಪಪುವಾ ನ್ಯೂಗಿನಿಯ ಕೂಕ್ ಜೌಗಿನಲ್ಲಿ ಸುಮಾರು 7000 ವರ್ಷದ ಹಿಂದೆ ಬಾಳೆ ಬೆಳೆಸಿದ ಗುರುತು ಸಿಕ್ಕಿದೆ. ಅಷ್ಟು ಹಿಂದಿನಿಂದ ಈ ಕೆಲಸ ನಡೆದುಕೊಂಡು ಬಂದಿದೆ.

ನಮ್ಮ ಬಾಳೆಗಳ ಹಿಂದೆ ಮುಖ್ಯವಾಗಿ ಎರಡು ಕಾಡುಬಾಳೆಗಳಿವೆ. ಒಂದು ಮ್ಯೂಸಾ ಅಕ್ಯುಮಿನಾಟ, ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನ. ಮೊದಲನೆಯದರ ಜೀನೋಮನ್ನು ಎ ಅಂತಲೂ ಎರಡನೆಯದರದ್ದನ್ನು ಬಿ ಅಂತಲೂ ಗುರುತು ಹಾಕಿ ತಳಿಗಳನ್ನು ವಿಂಗಡಿಸುವ ಪದ್ಧತಿಯನ್ನು 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ತಂದರು. ಉಡುಪಿ ರಥಬೀದಿಯ ಹತ್ತಿರದ ಬಾಳೆಹಣ್ಣಿನ ಅಂಗಡಿ ಮುಂದೆ ನಿಂತರೆ ಈ ಲೆಕ್ಕವೆಲ್ಲ ಗೊನೆಗೊನೆಯಾಗಿ ತೂಗಾಡುತ್ತಿರುತ್ತದೆ. ಪಚ್ಚಬಾಳೆ ಮತ್ತು ಕೆಂಪು ಸಿಪ್ಪೆಯ ಚಂದ್ರಬಾಳೆ ಎಎಎ, ಅಂದರೆ ಮೂರು ಪ್ರತಿಯೂ ಅಕ್ಯುಮಿನಾಟದ್ದೇ. ಚಿಪ್ಸಿಗೆ ಹೋಗುವ ನೇಂದ್ರ ಎಎಬಿ. ನಂಜನಗೂಡಿನ ರಸಬಾಳೆಯೂ ಎಎಬಿ. ಪಲ್ಯ, ಪೋಡಿಗೆ ಒಗ್ಗುವ ಬೂದಿಬಾಳೆ ಎಬಿಬಿ. ಬಿ ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಗಿಡ ಗಟ್ಟಿ, ಬರಕ್ಕೆ ಬಾಗುವುದು ಕಡಿಮೆ, ಕಾಯಿಯಲ್ಲಿ ಹಿಟ್ಟಿನ ಅಂಶ ಜಾಸ್ತಿ.

ಏಲಕ್ಕಿ ಬಾಳೆಯದ್ದು ಸ್ವಲ್ಪ ಬೇರೆ ಕಥೆ. ಅದು ಎಬಿ, ಎರಡೇ ಪ್ರತಿ, 22 ಕ್ರೋಮೋಸೋಮ್. ಹಾಗಾದರೆ ಅದರಲ್ಲಿ ಬೀಜ ಇರಬೇಕಲ್ವಾ? ಇಲ್ಲ. ಯಾಕೆಂದರೆ ಒಂದು ಎ, ಒಂದು ಬಿ, ಎರಡೂ ಬೇರೆ ಬೇರೆ ಜಾತಿಯಿಂದ ಬಂದವು. ಜೋಡಿ ಸರಿಯಾಗಿ ಕೂರುವುದಿಲ್ಲ. ಅದೂ ಅಲ್ಲದೆ ಬೀಜ ಇಲ್ಲದೆಯೇ ಹಣ್ಣು ತುಂಬಿಕೊಳ್ಳುವ ಗುಣ ಊರಿನ ಬಾಳೆಗಳಲ್ಲಿ ಬೇರೆಯಾಗಿಯೇ ಉಂಟು. ಮೂರು ಪ್ರತಿ ಇದ್ದ ಮಾತ್ರಕ್ಕೆ ತಿರುಳು ಬರುವುದಿಲ್ಲ, ಆ ಗುಣವೂ ಬೇಕು. ಪಾಠದಲ್ಲಿ ನಾವು ಇವೆರಡನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಬೇರೆ ಬೇರೆ ಹೇಳಿದರೆ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತದೆ.

ಘಟ್ಟದ ಬಂಡೆ ಇಳಿಜಾರುಗಳಲ್ಲಿ ಕಾಣುವ ಕಲ್ಲುಬಾಳೆಯನ್ನು ಇಲ್ಲಿ ಹೇಳಲೇಬೇಕು. ಬುಡ ಕೊಡಪಾನದಂತೆ ದಪ್ಪ, ಕಂದು ಬಿಡುವುದೇ ಇಲ್ಲ. ಒಮ್ಮೆ ಹೂ ಬಿಟ್ಟು ಕಾಯಿಯಾಗಿ ಸಾಯುತ್ತದೆ. ಕಾಯಿ ಒಡೆದರೆ ಒಳಗೆ ಕಡಲೆಗಿಂತ ದೊಡ್ಡ, ಕಪ್ಪು, ಕಲ್ಲಿನಂತೆ ಗಟ್ಟಿಯಾದ ಬೀಜಗಳು. ತಿರುಳು ಅಂತ ಹೆಸರಿಗೆ ಒಂದು ಪೊರೆ ಮಾತ್ರ. ಅದು ನಮ್ಮ ಬಾಳೆಯ ಅಜ್ಜ ಅಲ್ಲ, ದಾಯಾದಿ. ಎನ್ಸೆಟೆ ಅನ್ನುವ ಬೇರೆ ಕುಲ. ಅದರ ಮೂಲ ಸಂಖ್ಯೆ 9. ಕಾಲ ಸರಿದ ಹಾಗೆ ಕ್ರೋಮೋಸೋಮ್‌ಗಳು ಮುರಿದು, ಒಂದಕ್ಕೊಂದು ಅಂಟಿಕೊಂಡು, ತುಂಡುಗಳು ತಿರುಗಮುರುಗಾಗಿ ಸಂಖ್ಯೆಯೇ ಬದಲಾಗುತ್ತದೆ. ಒಂದೇ ಮನೆತನದ ಎರಡು ಕವಲು, ಒಂದರಲ್ಲಿ 9, ಇನ್ನೊಂದರಲ್ಲಿ 11. ಕಲ್ಲುಬಾಳೆ ಬೀಜದಿಂದಲೇ ಬದುಕುತ್ತದೆ, ನಮ್ಮನ್ನು ಅದು ಕೇಳುವುದಿಲ್ಲ.

ಮಂಗಳೂರಿನ ಲ್ಯಾಬಿನಲ್ಲಿ

ಕ್ರೋಮೋಸೋಮನ್ನು ಕಣ್ಣಾರೆ ನೋಡಿದ್ದು ಮಂಗಳೂರಿನಲ್ಲಿ ಡಿಗ್ರಿ ಓದುವಾಗ. ಎಲ್ಲರ ಹಾಗೆ ನಮಗೂ ಮೊದಲು ಈರುಳ್ಳಿ ಬೇರು. ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿ ಕೂರಿಸಿದರೆ ಬಿಳಿ ಬೇರು ಇಳಿಯುತ್ತದೆ. ಬೆಳಗ್ಗೆ ಅದರ ತುದಿ ಕತ್ತರಿಸಿ ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲ್‌ನಲ್ಲಿ ಹಾಕಬೇಕು. ಆಮೇಲೆ ಅಸಿಟೋಕಾರ್ಮಿನ್ ಬಣ್ಣ, ಸ್ಪಿರಿಟ್ ದೀಪದ ಮೇಲೆ ಹಗುರವಾಗಿ ಬಿಸಿ. ಗಾಜಿನ ಮೇಲಿಟ್ಟು, ಕವರ್ ಸ್ಲಿಪ್ ಮುಚ್ಚಿ, ಮೇಲೆ ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ಜಾರದಂತೆ ಅದುಮಬೇಕು. ಇಡೀ ಲ್ಯಾಬಿಗೆ ವಿನೆಗರ್ ವಾಸನೆ. ಈರುಳ್ಳಿಯ ಕ್ರೋಮೋಸೋಮ್ ದೊಡ್ಡವು, 16 ಇರುತ್ತವೆ, ಒಳ್ಳೆಯ ಸ್ಲೈಡ್ ಸಿಕ್ಕಿದರೆ ಎಣಿಸಬಹುದು.

ಒಮ್ಮೆ ನಮ್ಮ ಮೇಡಂ ಮನೆಯಿಂದ ಅರಶಿನದ ಬೇರು ತಂದರು. "ಇದರಲ್ಲಿ 63 ಬರಬೇಕು, ನೋಡಿ" ಅಂದರು. ಮಧ್ಯಾಹ್ನದವರೆಗೆ ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿಸಿಕೊಂಡು ಕೂತೆವು. ಕೆಂಪು ಬಣ್ಣದ ಪುಟ್ಟ ಪುಟ್ಟ ಚುಕ್ಕಿಗಳು, ಒಂದರ ಮೇಲೊಂದು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು. ಮೇಡಂ ಬೇಸರ ಮಾಡಲಿಲ್ಲ. ಇಂಥ ಸಣ್ಣ ಕ್ರೋಮೋಸೋಮ್ ಎಣಿಸಬೇಕಾದರೆ ಬೇರಿನ ತುದಿಯನ್ನು ಮೊದಲು ಕಾಲ್ಚಿಸಿನ್‌ನಂಥ ರಾಸಾಯನಿಕದಲ್ಲಿ ನೆನೆಸಬೇಕು, ಆಗ ಅವು ಬಿಡಿ ಬಿಡಿಯಾಗಿ ಹರಡಿಕೊಳ್ಳುತ್ತವೆ ಅಂತ ಹೇಳಿದರು. ಆಮೇಲೆ ಕಿಟಕಿಯ ಕಡೆಗೆ ಕೈ ತೋರಿಸಿ, "ಕಾಲ್ಚಿಸಿನ್ ಎಲ್ಲೋ ದೂರದ ವಸ್ತು ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ನಮ್ಮ ಬೇಲಿಯಲ್ಲಿ ಅರಳುವ ಗೌರಿ ಹೂವಿನಲ್ಲೇ ಉಂಟು" ಅಂದರು. ಕೆಂಪು ಹಳದಿ ಎಸಳು ಬೆಂಕಿಯ ಹಾಗೆ ಮೇಲಕ್ಕೆ ಸುರುಳಿಯಾಗುವ ಆ ಹೂವು. ಅದರ ಗೆಡ್ಡೆ, ಬೀಜ ಎರಡೂ ವಿಷ ಅಂತ ಮನೆಯಲ್ಲಿ ಹೇಳಿ ಹೆದರಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆ ವಿಷ ಮಾಡುವ ಕೆಲಸ ಏನೆಂದು ಅವತ್ತು ತಿಳಿಯಿತು.

ಕೋಶ ಒಡೆಯುವಾಗ ಸಣ್ಣ ಎಳೆಗಳು ಕ್ರೋಮೋಸೋಮ್‌ಗಳನ್ನು ಹಿಡಿದು ಎರಡು ಕಡೆಗೆ ಎಳೆಯುತ್ತವೆ. ಕಾಲ್ಚಿಸಿನ್ ಆ ಎಳೆಗಳು ಕಟ್ಟದ ಹಾಗೆ ಮಾಡುತ್ತದೆ. ಕ್ರೋಮೋಸೋಮ್ ನಕಲು ಆಗಿರುತ್ತದೆ, ಆದರೆ ಕೋಶ ಎರಡಾಗುವುದಿಲ್ಲ. ಪರಿಣಾಮ, ಒಂದೇ ಕೋಶದಲ್ಲಿ ಎರಡರಷ್ಟು. 1937ರಲ್ಲಿ ಬ್ಲೇಕ್ಸ್‌ಲೀ ಮತ್ತು ಏವರಿ ಇದನ್ನು ಬಳಸಿ ಗಿಡಗಳ ಜೀನೋಮ್ ಇಮ್ಮಡಿ ಮಾಡಬಹುದು ಅಂತ ತೋರಿಸಿದರು. ಜಪಾನಿನ ಹಿತೋಷಿ ಕಿಹಾರ ಇದೇ ದಾರಿ ಹಿಡಿದು ಬೀಜವಿಲ್ಲದ ಬಚ್ಚಂಗಾಯಿ (ಕಲ್ಲಂಗಡಿ) ಮಾಡಿದರು. ಮಾಮೂಲಿ ಬಚ್ಚಂಗಾಯಿಗೆ 22. ಕಾಲ್ಚಿಸಿನ್ ಹಾಕಿ 44 ಮಾಡಿದರು. ಆ 44ರ ಹೆಣ್ಣು ಹೂವಿಗೆ 22ರ ಪರಾಗ ಕೊಟ್ಟರು. ಬಂದ ಬೀಜದಿಂದ ಹುಟ್ಟಿದ ಬಳ್ಳಿಗೆ 33. ಬಾಳೆ ತಾನಾಗಿಯೇ ತಲುಪಿದ್ದ ಸಂಖ್ಯೆಗೆ ಬಚ್ಚಂಗಾಯಿಯನ್ನು ಲ್ಯಾಬಿನಿಂದ ತಂದು ನಿಲ್ಲಿಸಿದ ಹಾಗಾಯಿತು. ಇಲ್ಲಿ ಬಾಳೆಗಿಂತ ಒಂದು ಕಷ್ಟ ಜಾಸ್ತಿ. ಈ ಬಳ್ಳಿ ತಾನಾಗಿ ಹಣ್ಣು ಹಿಡಿಯುವುದಿಲ್ಲ, ಪಕ್ಕದಲ್ಲಿ 22ರ ಬಳ್ಳಿ ಇದ್ದು ಅದರ ಪರಾಗ ಬೀಳಬೇಕು. ಬೀಜವನ್ನೂ ಪ್ರತಿ ಸಲ ಹೊಸದಾಗಿ ಮಾಡಬೇಕು. ಹಾಗಾಗಿಯೇ ಅದು ದುಬಾರಿ.

ಸಮಸಂಖ್ಯೆ ಆದಾಗ

ಜೀನೋಮ್ ಹೆಚ್ಚಾದ ಗಿಡಗಳೆಲ್ಲ ಬೀಜ ಬಿಡುವುದಿಲ್ಲ ಅಂತ ಯಾರಾದರೂ ಅಂದುಕೊಂಡರೆ ಒಗ್ಗರಣೆ ಸೌಟು ನೋಡಿದರೆ ಸಾಕು. ಸಾಸಿವೆ 36 ಕ್ರೋಮೋಸೋಮಿನದ್ದು. ಅದರಲ್ಲಿ ಎರಡು ಜಾತಿಗಳ ಪೂರ್ತಿ ಜೀನೋಮ್ ಉಂಟು. ಒಂದು ಟರ್ನಿಪ್‌ನ ಕಡೆಯದು, 20. ಇನ್ನೊಂದು ಕರಿ ಸಾಸಿವೆಯದು, 16. ಇವುಗಳ ಇನ್ನೊಂದು ನೆಂಟ ಕೋಸು, ಅದಕ್ಕೆ 18. ಈ ಮೂರರಲ್ಲಿ ಯಾವ ಎರಡು ಸೇರಿದರೂ ಒಂದು ಹೊಸ ಬೆಳೆ ಹುಟ್ಟಿದೆ ಅಂತ 1935ರಲ್ಲಿ ತ್ರಿಕೋನ ಬರೆದು ತೋರಿಸಿದವರು ವೂ ಜಾಂಗ್ ಚೂನ್. ಕೊರಿಯಾದ ತಂದೆ, ಜಪಾನಿನ ತಾಯಿ, ಹುಟ್ಟಿ ಬೆಳೆದದ್ದು ಜಪಾನಿನಲ್ಲಿ, 1950ರಲ್ಲಿ ಕೊರಿಯಾಕ್ಕೆ ಹೋಗಿ ಅಲ್ಲಿನ ತರಕಾರಿ ಬೀಜದ ಕೆಲಸಕ್ಕೆ ಉಳಿದ ಆಯಸ್ಸು ಕೊಟ್ಟರು. ಎರಡು ಜಾತಿ ಸೇರಿ ಹುಟ್ಟಿದ ಮಿಶ್ರ ಗಿಡದಲ್ಲಿ ಜೋಡಿ ಸಿಗದೆ ಬೀಜ ಕಟ್ಟುವುದಿಲ್ಲ, ಏಲಕ್ಕಿ ಬಾಳೆಯ ಹಾಗೆ. ಆದರೆ ಅದೇ ಗಿಡದ ಜೀನೋಮ್ ಇಮ್ಮಡಿಯಾದರೆ ಪ್ರತಿ ಕ್ರೋಮೋಸೋಮಿಗೂ ತನ್ನದೇ ನಕಲು ಜೋಡಿಯಾಗಿ ಸಿಗುತ್ತದೆ. ಬೀಜ ಕಟ್ಟುತ್ತದೆ. ಹೊಸ ಜಾತಿಯೇ ನಿಲ್ಲುತ್ತದೆ.

ಬೈಂದೂರು, ಕುಂದಾಪುರ ಕಡೆ ಗದ್ದೆ ಕೊಯ್ಲಾದ ಮೇಲೆ ಮರಳು ಮಣ್ಣಿನಲ್ಲಿ ಹಾಕುವ ನೆಲಗಡಲೆಯ ಕಥೆಯೂ ಇದೇ. ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳು, ತಲಾ 20. ಸೇರಿ, ಇಮ್ಮಡಿಯಾಗಿ 40. ಇದು ನಡೆದದ್ದು ಹೆಚ್ಚೆಂದರೆ ಹತ್ತು ಸಾವಿರ ವರ್ಷದ ಹಿಂದೆ. ಗೋಧಿ ಇನ್ನೂ ಒಂದು ಹೆಜ್ಜೆ ಮುಂದೆ. ಮೂರು ಹುಲ್ಲುಗಳ ಜೀನೋಮ್, ಒಂದೊಂದೂ ಜೋಡಿಯಾಗಿ, ಒಟ್ಟು 42. ಗೋಧಿಯ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಅದನ್ನು ಪೂರ್ತಿ ಓದಿ ಪ್ರಕಟಿಸಲು 2018 ಆಗಬೇಕಾಯಿತು.

ನನಗೆ ಇದಕ್ಕಿಂತ ಹೆಚ್ಚು ಆಶ್ಚರ್ಯ ಅನಿಸಿದ್ದು ಮಟ್ಟುಗುಳ್ಳದ ವಿಷಯ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಊರು ನಂಬಿಕೊಂಡು ಬಂದ ಬದನೆ, 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಬದನೆಗೆ 24 ಕ್ರೋಮೋಸೋಮ್, ಎರಡೇ ಪ್ರತಿ, ಎಲ್ಲ ಸರಳ. ಆದರೆ 2012ರಲ್ಲಿ ಟೊಮೆಟೊ ಜೀನೋಮ್ ಓದಿದಾಗ, ಬದನೆಯೂ ಸೇರಿದ ಆ ಕುಟುಂಬದ ಹಿರಿಯರಲ್ಲಿ ಕೋಟ್ಯಂತರ ವರ್ಷದ ಹಿಂದೆ ಇಡೀ ಜೀನೋಮ್ ಮೂರು ಪಟ್ಟಾಗಿತ್ತು ಅಂತ ಗೊತ್ತಾಯಿತು. ಆಮೇಲೆ ಬೇಡದ ನಕಲುಗಳು ಒಂದೊಂದಾಗಿ ಉದುರಿದವು. ಕ್ರೋಮೋಸೋಮ್ ತುಂಡುಗಳು ಜಾಗ ಬದಲಿಸಿದವು. ಕೊನೆಗೆ ಮತ್ತೆ ಎರಡು ಪ್ರತಿಯ ಶಿಸ್ತಿಗೆ ಬಂದು ನಿಂತಿತು. ಉಳಿದ ಕೆಲವು ನಕಲುಗಳು ಹೊಸ ಕೆಲಸ ಕಲಿತವು. ಟೊಮೆಟೊ ಹಣ್ಣಾಗುವುದು, ಕೆಂಪಾಗುವುದು, ಮೆತ್ತಗೆ ತಿರುಳಾಗುವುದು, ಇವುಗಳ ಹಿಂದೆ ಅಂಥ ನಕಲು ಜೀನ್‌ಗಳಿವೆ. ಬದನೆ, ಟೊಮೆಟೊ ಎರಡಕ್ಕೂ 12 ಜೋಡಿಯೇ. ಒಂದರ ಪಕ್ಕ ಒಂದು ಇಟ್ಟು ಜೀನ್‌ಗಳ ಸಾಲು ನೋಡಿದರೆ ಮಾತ್ರ ತುಂಡುಗಳು ತಲೆಕೆಳಗಾಗಿ ಕೂತದ್ದು, ಒಂದರಿಂದ ಇನ್ನೊಂದಕ್ಕೆ ಹಾರಿದ್ದು ಕಾಣುತ್ತದೆ.

ನಾವು ಉಣ್ಣುವ ಅಕ್ಕಿಯ ಭತ್ತಕ್ಕೂ 24. ಹುಲ್ಲಿನ ಜಾತಿಯ ಧಾನ್ಯಗಳೆಲ್ಲ ಕವಲೊಡೆಯುವ ಮೊದಲು, ಸುಮಾರು 7 ಕೋಟಿ ವರ್ಷದ ಹಿಂದೆ, ಅದರ ಹಿರಿಯರಲ್ಲೂ ಜೀನೋಮ್ ಇಮ್ಮಡಿಯಾಗಿತ್ತು. ಬಾಳೆಯ ವಂಶದಲ್ಲಂತೂ ಮೂರು ಸಲ. 2012ರಲ್ಲಿ ಅಕ್ಯುಮಿನಾಟ ಬಾಳೆಯ ಜೀನೋಮ್ ಪ್ರಕಟವಾದಾಗ ಆ ಮೂರರ ಗುರುತೂ ಸಿಕ್ಕಿತು. ಅವೆಲ್ಲ ಡೈನೋಸಾರ್‌ಗಳ ಕಾಲದ ಆಸುಪಾಸಿನ ಮಾತು. ಅಂದರೆ ಇವತ್ತು ನಾವು ಎರಡು ಪ್ರತಿ ಅಂತ ಹೇಳುವ ಕಾಡುಬಾಳೆಯೂ ಹಳೆಯ ಇಮ್ಮಡಿಗಳನ್ನು ಜೀರ್ಣಿಸಿಕೊಂಡು ಬಂದದ್ದೇ. ಬೀಜ ಕಟ್ಟುತ್ತಾ ಇದ್ದರೆ ಪ್ರತಿ ತಲೆಮಾರಿಗೂ ಜೀನೋಮ್ ಕಲಸಿ ಹೊಸದಾಗುತ್ತದೆ, ಹೆಚ್ಚಾದದ್ದನ್ನು ಕಳೆದುಕೊಳ್ಳುತ್ತದೆ, ಸುಧಾರಿಸಿಕೊಳ್ಳುತ್ತದೆ. ಹಿತ್ತಲಿನ 33ರ ಬಾಳೆಗೆ ಆ ದಾರಿ ಮುಚ್ಚಿದೆ. ಅದು ಇದ್ದ ಹಾಗೇ ಇರಬೇಕು, ಇರಿಸಿಕೊಳ್ಳುವವರು ಬೇಕು.

ಆಟಿ ತಿಂಗಳ ಹಿತ್ತಲು

ಕರಾವಳಿಯ ಮಳೆಗಾಲದ ಅಡುಗೆಯನ್ನು ಈ ಕಣ್ಣಿನಿಂದ ನೋಡಿದರೆ ಇಂಥವೇ ಗಿಡಗಳು ಎದುರಾಗುತ್ತವೆ. ಆಟಿಯಲ್ಲಿ ಪತ್ರೊಡೆ. ಕೆಸುವಿನಲ್ಲಿ 28ರ ಗಿಡಗಳೂ ಉಂಟು, ಮೂರು ಪ್ರತಿಯ 42ರ ಗಿಡಗಳೂ ಉಂಟು. ನಾಗರ ಪಂಚಮಿಗೆ ಅರಶಿನ ಎಲೆಯ ಗಟ್ಟಿ. ನೆನೆಸಿದ ಅಕ್ಕಿ ರುಬ್ಬಿ ಎಲೆಗೆ ಹಚ್ಚಿ, ಬೆಲ್ಲ ತೆಂಗಿನಕಾಯಿ ಇಟ್ಟು ಮಡಚಿ ಬೇಯಿಸುವಾಗ ಬರುವ ಆ ಘಮ ಬೇರೆ ಯಾವ ಎಲೆಗೂ ಇಲ್ಲ. ಆ ಎಲೆಯ ಕೋಶಗಳಲ್ಲಿ 63 ಕ್ರೋಮೋಸೋಮ್, ಅಂದರೆ 21ರ ಮೂರು ಪ್ರತಿ. ಅರಶಿನ ಚಂದದ ಹೂ ಬಿಡುತ್ತದೆ, ಬೀಜ ಕಟ್ಟುವುದು ತೀರಾ ಅಪರೂಪ. ಅದು ಊರಿಂದ ಊರಿಗೆ ಹರಡಿದ್ದು ಕೊಂಬಿನಿಂದಲೇ. ಮದುವೆಯಾಗಿ ಹೋಗುವವರ, ಮನೆ ಬದಲಿಸುವವರ ಚೀಲದಲ್ಲಿ.

ಜೀಗುಜ್ಜೆ (ಬ್ರೆಡ್‌ಫ್ರೂಟ್) ಇನ್ನೂ ದೂರದಿಂದ ಬಂದದ್ದು. ಪೋಡಿ ಮಾಡಿ ಬಿಸಿ ಬಿಸಿ ತಿನ್ನುವಾಗ ಇದು ನಮ್ಮದೇ ಅನಿಸುತ್ತದೆ. ಆದರೆ ಅದರ ತಾಯಿಬೇರು ಪೆಸಿಫಿಕ್ ದ್ವೀಪಗಳಲ್ಲಿ. ಹಲಸಿನ ಕುಲವೇ, ಹಲಸಿನ ಹಾಗೆ 56 ಕ್ರೋಮೋಸೋಮ್. ನ್ಯೂಗಿನಿಯ ಕಾಡು ಜಾತಿಯಲ್ಲಿ ಬೀಜ ತುಂಬಿರುತ್ತದೆ. ಅಲ್ಲಿಂದ ಜನ ದೋಣಿಗಳಲ್ಲಿ ಪೂರ್ವಕ್ಕೆ ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ಬೇರಿನಿಂದ ಒಡೆದ ಸಸಿಗಳನ್ನು ಒಯ್ದರು. ಹೋದಷ್ಟೂ ಬೀಜ ಕಡಿಮೆಯಾದ ತಳಿಗಳು ಉಳಿದವು. ಪೂರ್ವದ ದ್ವೀಪಗಳ ಬೀಜವಿಲ್ಲದ ಎಷ್ಟೋ ತಳಿಗಳಿಗೆ ಮೂರು ಪ್ರತಿ, 84. ಇದನ್ನೇ ಕೆರಿಬಿಯನ್ ತೋಟಗಳಿಗೆ ಒಯ್ಯಲು ಬ್ರಿಟಿಷ್ ಕ್ಯಾಪ್ಟನ್ ಬ್ಲೈ ತನ್ನ ಬೌಂಟಿ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಕುಂಡಗಳನ್ನು ತುಂಬಿಕೊಂಡು ಹೊರಟದ್ದು, 1789ರಲ್ಲಿ ಹಡಗಿನ ಜನ ದಂಗೆ ಎದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಒಣಗಿಸಿ ಇಡಬಲ್ಲ ಬೀಜ ಇದ್ದಿದ್ದರೆ ಒಂದು ಪೆಟ್ಟಿಗೆ ಸಾಕಿತ್ತು. ಇಲ್ಲದ ಕಾರಣಕ್ಕೆ ಹಡಗನ್ನೇ ತೋಟ ಮಾಡಬೇಕಾಯಿತು, ನಡು ಸಮುದ್ರದಲ್ಲಿ ಕುಂಡಗಳಿಗೆ ಸಿಹಿನೀರು ಹನಿಸಬೇಕಾಯಿತು.

ಕಳೆದುಹೋಗುವ ಬಗೆ

ನನ್ನ ಚಿಂತೆ ಇರುವುದು ಇಲ್ಲಿ. ಬೀಜ ಕಟ್ಟುವ ಬೆಳೆ ಒಂದು ಡಬ್ಬಿಯಲ್ಲಿ, ತಂಪಿನಲ್ಲಿ, ವರ್ಷಗಟ್ಟಲೆ ಕಾಯಬಲ್ಲದು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಹಿಮದ ಗುಡ್ಡ ಕೊರೆದು 2008ರಿಂದ ಲೋಕದ ಬೀಜಗಳನ್ನು ಕಾಪಿಡುತ್ತಿದ್ದಾರೆ. ಅಲ್ಲಿ ಮನೆಬಾಳೆಗೆ ಜಾಗ ಇಲ್ಲ, ಇಡಲು ಬೀಜವೇ ಇಲ್ಲವಲ್ಲ. ಬಾಳೆ ತಳಿಗಳನ್ನು ಜೀವಂತವಾಗಿಯೇ ಇಡಬೇಕು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ 1500ಕ್ಕೂ ಹೆಚ್ಚು ಬಗೆಯ ಬಾಳೆಗಳನ್ನು ಗಾಜಿನ ಕೊಳವೆಗಳಲ್ಲಿ ಪುಟ್ಟ ಸಸಿಗಳಾಗಿ, ಕೆಲವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿದ್ದಾರೆ. ನಮ್ಮಲ್ಲಿ ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದ ಹೊಲದಲ್ಲಿ ದೇಶದ ತಳಿಗಳು ಬೆಳೆಯುತ್ತಿವೆ. ಆದರೆ ಅಲ್ಲಿಗೆ ತಲುಪಬೇಕಾದರೆ ಯಾರಾದರೂ ಒಯ್ದು ಕೊಟ್ಟಿರಬೇಕು.

ಉಡುಪಿ ಮಂಗಳೂರು ನಡುವೆ ಹೆದ್ದಾರಿ ಅಗಲವಾಯಿತು, ಗದ್ದೆ ಸೈಟಾಯಿತು, ಹಳೆಯ ಮನೆ ಕೆಡವಿ ಫ್ಲಾಟ್ ಬಂತು. ತೆಂಗಿನ ಮರ ಹೋದರೆ ಕಣ್ಣಿಗೆ ಕಾಣುತ್ತದೆ, ಮಾತಾಡುತ್ತೇವೆ. ಬಾವಿಕಟ್ಟೆಯ ಬಚ್ಚಲು ನೀರಿಗೆ ಬೆಳೆದ ಬಾಳೆಬುಡ ಹೋದರೆ ಯಾರೂ ಗಮನಿಸುವುದಿಲ್ಲ. ಜೆಸಿಬಿ ಒಂದು ಸಲ ಬಕೆಟ್ ಹಾಕಿದರೆ ಮುಗಿಯಿತು. ಆ ಬುಡ ಆ ಓಣಿಯಲ್ಲಿ ಕೊನೆಯದಾಗಿದ್ದರೆ, ಆ ತಳಿ ಅಲ್ಲಿಗೆ ನಿಂತಿತು. ಮಣ್ಣಿನಲ್ಲಿ ಬಿದ್ದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಲು ಆಗುವುದಿಲ್ಲ. ಪೇಟೆಯಲ್ಲಿ ಬಾಳೆಹಣ್ಣಿಗೆ ಬರ ಬರುವುದಿಲ್ಲ, ಲ್ಯಾಬಿನಲ್ಲಿ ಟಿಶ್ಯೂ ಕಲ್ಚರ್ ಮಾಡಿ ಬೆಳೆಸಿದ ಜಿ-ನೈನ್ ಅನ್ನುವ ಪಚ್ಚಬಾಳೆ ಲಾರಿಗಟ್ಟಲೆ ಬರುತ್ತದೆ. ಅದು ಒಂದೇ ಗಿಡದ ಕೋಟ್ಯಂತರ ನಕಲು.

ಹಾಗೆ ಒಂದೇ ನಕಲನ್ನು ನಂಬಿದರೆ ಏನಾಗುತ್ತದೆ ಅಂತ ಲೋಕ ಒಮ್ಮೆ ನೋಡಿಯಾಗಿದೆ. ಹೊರದೇಶದ ಪೇಟೆಗಳನ್ನು ಆಳುತ್ತಿದ್ದ ಗ್ರೋಸ್ ಮಿಷೆಲ್ ಬಾಳೆ ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗಕ್ಕೆ 1950ರ ದಶಕದ ಹೊತ್ತಿಗೆ ತೋಟ ತೋಟವೇ ಕುಸಿಯಿತು. ಆ ಜಾಗಕ್ಕೆ ಬಂದದ್ದು ಪಚ್ಚಬಾಳೆಯ ಗುಂಪು. ಈಗ ಅದೇ ಶಿಲೀಂಧ್ರದ ಟಿಆರ್4 ಅನ್ನುವ ಬಗೆ ಪಚ್ಚಬಾಳೆಯನ್ನೂ ಹಿಡಿಯುತ್ತಿದೆ. ಬಿಹಾರದ ತೋಟಗಳಿಗೆ ಬಂದಿದೆ, 2019ರಲ್ಲಿ ಕೊಲಂಬಿಯಾ ತಲುಪಿತು. ನಮ್ಮ ರಾಜ್ಯದಲ್ಲೇ ನಂಜನಗೂಡು ರಸಬಾಳೆ ಇದೇ ಸೊರಗು ರೋಗಕ್ಕೆ ಸಿಕ್ಕಿ ಕೆಲವೇ ತೋಟಗಳಿಗೆ ಇಳಿಯಿತು.

ಹೊಸ ತಳಿ ಮಾಡಲು ಬೀಜ ಬೇಕು, ಬಾಳೆ ಬೀಜ ಕೊಡುವುದಿಲ್ಲ. ತಳಿ ವಿಜ್ಞಾನಿಗಳು ಬಿಡಲಿಲ್ಲ. 33ರ ಗಿಡದ ಹೂವಿಗೆ 22ರ ಕಾಡುಬಾಳೆಯ ಪರಾಗ ಹಚ್ಚುತ್ತಾರೆ, ಗೊನೆ ಹಣ್ಣಾದ ಮೇಲೆ ಹಿಸುಕಿ ಬೀಜ ಹುಡುಕುತ್ತಾರೆ. ಎಷ್ಟೋ ಗೊನೆಗಳಲ್ಲಿ ಒಂದೂ ಸಿಗುವುದಿಲ್ಲ. ಅಪರೂಪಕ್ಕೆ ಸಿಗುವ ಬೀಜಕ್ಕೆ 44. ತಾಯಿಯ 33 ಅರ್ಧವಾಗದೆ ಪೂರ್ತಿ ಬಂದು, ತಂದೆಯ 11 ಸೇರಿ ಆದದ್ದು. ಆ 44ಕ್ಕೆ ಮತ್ತೆ 22ರ ಪರಾಗ ಕೊಟ್ಟರೆ ಪುನಃ 33, ಈ ಸಲ ರೋಗ ತಡೆಯುವ ಗುಣದೊಂದಿಗೆ. ಈ ಕೆಲಸಕ್ಕೆ ಕಾಡುಬಾಳೆಯೂ ಬೇಕು, ಹಿತ್ತಲಿನ ನಾನಾ ಬಗೆಯ ಬಾಳೆಯೂ ಬೇಕು. ಯಾವುದರಲ್ಲಿ ಯಾವ ಗುಣ ಅಡಗಿದೆ ಅಂತ ಮೊದಲೇ ಹೇಳಲು ಬರುವುದಿಲ್ಲ.

ಹಾಗಾಗಿ ನಾನೂ ನನ್ನ ಇಬ್ಬರು ಸ್ನೇಹಿತೆಯರೂ ನಮ್ಮ ಸುತ್ತಲಿನ ಮನೆಗಳಲ್ಲಿ ಯಾವ ಬಾಳೆ, ಯಾವ ಕೆಸು, ಯಾವ ಅರಶಿನ ಉಂಟು ಅಂತ ಒಂದು ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದ್ದೇವೆ. ಒಂದೇ ಬಾಳೆಗೆ ಕಾಪುವಿನಲ್ಲಿ ಒಂದು ಹೆಸರು, ಬಂಟ್ವಾಳದಲ್ಲಿ ಇನ್ನೊಂದು. ಅದಕ್ಕೆ ಹೆಸರಿನ ಜೊತೆ ಗೊನೆಯ, ಹೂವಿನ ಮೋತೆಯ, ಎಲೆ ತೊಟ್ಟಿನ ಫೋಟೋ ಇಡುತ್ತೇವೆ. ಕಂದು ಕೊಡಲು ಮನೆಯವರು ಹಿಂದೆಮುಂದೆ ನೋಡುವುದಿಲ್ಲ. ನೋಡಬೇಕಾದವರು ನಾವು. ಯಾಕೆಂದರೆ ಕಂದು ಬಂದರೆ ಅದರ ರೋಗವೂ ಜೊತೆಗೆ ಬರುತ್ತದೆ. ಎಲೆಗಳು ಕಿರಿದಾಗಿ ತುದಿಯಲ್ಲಿ ಗುಚ್ಛದ ಹಾಗೆ ನೆಟ್ಟಗೆ ನಿಂತಿದ್ದರೆ, ತೊಟ್ಟಿನ ಮೇಲೆ ಕಡು ಹಸಿರು ಚುಕ್ಕಿ ಗೆರೆಗಳಿದ್ದರೆ ಅದು ಬಂಚಿ ಟಾಪ್ ವೈರಸ್. ಆ ಬುಡದಿಂದ ಒಂದು ಕಂದನ್ನೂ ತರಬಾರದು. ಬುಡ ಕೊಯ್ದಾಗ ಒಳಗೆ ಕೆಂಪು ಕಂದು ಗೆರೆ ಕಂಡರೆ ಸೊರಗು ರೋಗ. ಆ ಜಾಗದ ಮಣ್ಣೂ ಚಪ್ಪಲಿಗೆ ಅಂಟಿ ಬರಬಾರದು. ಎಲ್ಲ ಸರಿ ಇದ್ದರೆ ಕತ್ತಿಯ ಹಾಗೆ ಕಿರಿದಾದ ಎಲೆಯ ಕಂದನ್ನೇ ಆರಿಸಿ. ಅಗಲ ಎಲೆಯದ್ದು ನೋಡಲು ಚಂದ, ಆದರೆ ಬುಡದಲ್ಲಿ ಬಲ ಇರುವುದಿಲ್ಲ. ಬೇರು ಸವರಿ, ಹುಳು ಕೊರೆದ ತೂತು ಉಂಟಾ ನೋಡಿ, ನೆರಳಿನಲ್ಲಿ ಸ್ವಲ್ಪ ದಿನ ಆರಲು ಬಿಟ್ಟು ನೆಡಬಹುದು. ಮೇ ಕೊನೆಗೆ ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೀಳುವುದು ಸುಲಭ. ಪಡುಬಿದ್ರಿಯಿಂದ ಬ್ರಹ್ಮಾವರದವರೆಗೆ ಯಾರ ಹಿತ್ತಲಲ್ಲಾದರೂ ಹೆಸರು ಗೊತ್ತಿಲ್ಲದ ಹಳೇ ಬಾಳೆ ಇದ್ದು, ಮನೆ ಕೆಡವುವ ಮಾತು ನಡೆಯುತ್ತಿದ್ದರೆ, ಜೆಸಿಬಿ ಬರುವ ಮೊದಲು ಒಂದು ಮಾತು ತಿಳಿಸಿ. ನಾವೇ ಬಂದು ಕಿತ್ತುಕೊಂಡು ಹೋಗುತ್ತೇವೆ.